ಕೊಟ್ಟಿಗೆ ನಾಯಿಯ ಚಿಗಟಕ್ಕೆ ಫ್ರಂಟ್‌ಲೈನ್ ಪ್ಲಸ್: ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಇಲ್ಲ

ದನ, ಮೇಕೆ, ಕುರಿಗಳ ಪಕ್ಕದಲ್ಲೇ ಮಲಗುವ ನಾಯಿಗೆ ಚಿಗಟಕ್ಕೆಂದು ಚರ್ಮದ ಮೇಲೆ ಹಾಕುವ ಹನಿ ಔಷಧಿ ಕೊಳ್ಳುವುದಾದರೆ ಬರೀ ಫಿಪ್ರೊನಿಲ್ ಇರುವುದನ್ನು ಬಿಟ್ಟು, ಎಸ್-ಮೆಥೊಪ್ರಿನ್ ಕೂಡ ಸೇರಿರುವ ಫ್ರಂಟ್‌ಲೈನ್ ಪ್ಲಸ್‌ನಂಥದ್ದನ್ನೇ ಕೊಳ್ಳಿ. ಫಿಪ್ರೊನಿಲ್ ಮೈಮೇಲಿನ ಚಿಗಟಗಳನ್ನು ಒಂದು ದಿನದೊಳಗೆ ಕೊಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೈಮೇಲೆ ಕಾಣುವುದು ಒಟ್ಟು ಸಂತತಿಯ ಶೇ 5ರಷ್ಟು ಮಾತ್ರ. ಉಳಿದದ್ದು ಮೊಟ್ಟೆ, ಮರಿಹುಳು, ಗೂಡುಗಳಾಗಿ (ಮರಿಹುಳು ಚಿಗಟವಾಗುವ ಮುನ್ನ ತನ್ನ ಸುತ್ತ ಹೆಣೆದುಕೊಳ್ಳುವ ಕೋಶ) ಕೊಟ್ಟಿಗೆಯ ದೂಳಿನಲ್ಲಿ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡುತ್ತದೆ. ಅವು ಕೂದಲಿಗೆ ಅಂಟುವುದಿಲ್ಲ. ನಾಯಿ ಮೈ ಕೊಡವಿದಲ್ಲೆಲ್ಲ ಉದುರುತ್ತವೆ. ಆ ಮೊಟ್ಟೆ ಮರಿಯಾಗದಂತೆ ತಡೆಯುವುದು ಮೆಥೊಪ್ರಿನ್. ಕೊಟ್ಟಿಗೆಯಲ್ಲಿ ಕೊಟ್ಟ ದುಡ್ಡಿಗೆ ನ್ಯಾಯ ಸಲ್ಲಿಸುವುದು ಈ ಎರಡನೆಯ ಮದ್ದೇ.

ಪ್ರಮಾಣ ತೂಕಕ್ಕೆ ತಕ್ಕಂತೆ: 10 ಕೆ.ಜಿ. ಒಳಗಿನ ನಾಯಿಗೆ 0.67 ಮಿ.ಲೀ., 10ರಿಂದ 20ಕ್ಕೆ 1.34, 20ರಿಂದ 40ಕ್ಕೆ 2.68, 40ರಿಂದ 60ಕ್ಕೆ 4.02. ಎಂಟು ವಾರ ತುಂಬದ ಮರಿಗೆ ಬೇಡ. ಎರಡೂ ಭುಜದ ಎಲುಬುಗಳ ನಡುವೆ ಕೂದಲನ್ನು ಬೈತಲೆ ತೆಗೆದಂತೆ ಬಿಡಿಸಿ, ಬಿಳಿ ಚರ್ಮ ಕಂಡ ಮೇಲೆ ಟ್ಯೂಬಿನ ಮೂತಿಯನ್ನು ಅಲ್ಲಿಗೇ ತಾಗಿಸಿ ಹಿಂಡಬೇಕು. ಕೂದಲ ಮೇಲೆ ಬಿದ್ದ ಹನಿ ಎಣ್ಣೆಯ ಹಾಗೆ ಹೊಳೆಯುತ್ತಾ ಅಲ್ಲೇ ನಿಂತುಬಿಡುತ್ತದೆ, ಅಷ್ಟು ಮದ್ದು ದಂಡ.

ಚರ್ಮದ ಜಿಡ್ಡಿನ ಜೊತೆ ಮೈತುಂಬ ಹರಡುವ ಮದ್ದು ಇದು. ಹಾಗಾಗಿ ಹಾಕುವ ಎರಡು ದಿನ ಮೊದಲು, ಹಾಕಿದ ಎರಡು ದಿನ ನಂತರ ಸ್ನಾನ ಬೇಡ. ಆಮೇಲೂ ಪದೇ ಪದೇ ಸೋಪು, ಶಾಂಪೂ ಹಾಕಿ ಉಜ್ಜಿದರೆ ಜಿಡ್ಡಿನ ಜೊತೆ ಮದ್ದೂ ಹೋಗುತ್ತದೆ. ದಿನಾ ಕೆರೆಗೋ ಕಾಲುವೆಗೋ ಇಳಿಯುವ ನಾಯಿಗೆ ಇದನ್ನು ಶಿಫಾರಸು ಮಾಡಲಾರೆವು. ಫಿಪ್ರೊನಿಲ್ ಮೀನಿಗೂ ಜೇನುನೊಣಕ್ಕೂ ವಿಷ. ಅಂಥ ನಾಯಿಗೆ ಊಟದ ಜೊತೆ ಕೊಡುವ ಫ್ಲೂರಲೇನರ್ ಮಾತ್ರೆ ವಾಸಿ, 12 ವಾರ ಚಿಗಟ ತಡೆಯುತ್ತದೆ. ಮೂರ್ಛೆ ಬರುವ ನಾಯಿಯಾದರೆ ಮಾತ್ರ ಪಶುವೈದ್ಯರನ್ನು ಕೇಳದೆ ಕೊಡಬೇಡಿ.

"ಹಾಕಿ ಹದಿನೈದು ದಿನವಾಯಿತು, ಇನ್ನೂ ಚಿಗಟ ಕಾಣುತ್ತಿದೆ, ಔಷಧಿ ಸುಳ್ಳು" ಎಂಬ ದೂರಿಗೆ ಕಾರಣ ಬಹುಪಾಲು ಗೂಡುಗಳು. ಗೂಡಿನ ಅಂಟು ಮೈಗೆ ದೂಳು ಮೆತ್ತಿಕೊಂಡು ಒಂದು ಮಣ್ಣಿನ ಕಾಳಿನಂತೆ ಕಾಣುತ್ತದೆ. ಯಾವ ಕೀಟನಾಶಕವೂ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾದು, ನೆಲದ ಅದುರು, ಮೈಬಿಸಿ, ಉಸಿರಿನ ಸುಳಿವು ಸಿಕ್ಕ ಕೂಡಲೇ ಹೊರಬೀಳುತ್ತದೆ. ಆದ್ದರಿಂದ ತಿಂಗಳಿಗೊಮ್ಮೆಯಂತೆ ಕನಿಷ್ಠ ಮೂರು ಸಲ ಹಾಕದೆ ತೀರ್ಪು ಕೊಡಬಾರದು. ಒಂದೇ ನಾಯಿಗೆ ಹಾಕಿ ಉಳಿದ ನಾಯಿ, ಬೆಕ್ಕುಗಳನ್ನು ಹಾಗೇ ಬಿಟ್ಟರೂ ಫಲವಿಲ್ಲ. ಬೆಕ್ಕಿಗೆ ಬೆಕ್ಕಿನದೇ ಟ್ಯೂಬು.

ಇಲ್ಲೇ ಹೆಚ್ಚಿನವರು ಎಡವುವುದು: ಚಿಗಟ ಕಂಡಿತೆಂದು ನಾಯಿಯನ್ನು ಕೊಟ್ಟಿಗೆಯಿಂದ ದೂರ ಕಟ್ಟುತ್ತಾರೆ. ಗೂಡಿನಿಂದ ಹೊರಬಿದ್ದ ಚಿಗಟಕ್ಕೆ ಆಗ ಸಿಗುವುದು ಕರು ಮತ್ತು ಮೇಕೆಮರಿ. ನಾಯಿಯಲ್ಲಿರುವ ಬೆಕ್ಕಿನ ಚಿಗಟ ಎಂಬ ಜಾತಿಯೇ ಅವುಗಳ ರಕ್ತವನ್ನೂ ಹೀರುತ್ತದೆ. ಜಾಸ್ತಿಯಾದರೆ ಎಳೆಮರಿಗಳು ರಕ್ತಹೀನತೆಯಿಂದ ಸಾಯುವುದೂ ಉಂಟು. ಮರಿಗಳ ಕೆಳರೆಪ್ಪೆ ಎಳೆದು ನೋಡಿ, ಒಳಗೆ ಬಿಳಿಚಿಕೊಂಡಿದ್ದರೆ ಪಶುವೈದ್ಯರಿಗೆ ತೋರಿಸಲು ತಡಮಾಡಬೇಡಿ. ಮದ್ದು ಹಾಕಿದ ಮೇಲೆ ಎರಡು ದಿನ ಮಾತ್ರ ನಾಯಿಯನ್ನು ಬೇರೆ ಇಡಿ, ದನ ನೆಕ್ಕದಿರಲಿ ಎಂದು. ಆಮೇಲೆ ಎಂದಿನ ಜಾಗದಲ್ಲೇ ಮಲಗಲು ಬಿಡಿ. ಹೊಸ ಚಿಗಟಗಳು ಅದರ ಮೈಗೆ ಹಾರಿ ಅಲ್ಲೇ ಸಾಯುತ್ತವೆ.

ನೆಲದ ಕೆಲಸ ಟ್ಯೂಬು ಮಾಡುವುದಿಲ್ಲ. ಗಂಜಲ ಹರಿದು ಸದಾ ಒದ್ದೆಯಾಗಿರುವ, ಗೊರಸು ತುಳಿಯುವ ಜಾಗದಲ್ಲಿ ಮರಿಹುಳು ಉಳಿಯುವುದಿಲ್ಲ, ಬಿಸಿಲು ಬೀಳುವಲ್ಲೂ ಇಲ್ಲ. ಹುಡುಕಬೇಕಾದ್ದು ಗೋದಲಿಯ ಕೆಳಗಿನ ಸಡಿಲ ಮಣ್ಣು, ಹುಲ್ಲಿನ ರಾಶಿಯ ಬುಡ, ನಾಯಿ ಮಲಗುವ ಗೋಣಿ. ಅಲ್ಲಿನ ದೂಳನ್ನು ಎರಡು ಬೆರಳು ಆಳಕ್ಕೆ ಕೆರೆದು ಆಚೆ ಸಾಗಿಸಿ, ಗೋಣಿಯನ್ನು ಕುದಿಯುವ ನೀರಿಗೆ ಹಾಕಿ. ಸಿಂಪಡಿಸಲೇಬೇಕಾದರೆ ಪ್ರಾಣಿಗಳಿರುವ ಕಟ್ಟಡಕ್ಕೆ ಒಪ್ಪಿಗೆಯಿರುವ, ಮೊಟ್ಟೆ, ಮರಿಹುಳು ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್ ಸೇರಿದ ದ್ರಾವಣವೇ ಆಗಲಿ. ದನಗಳನ್ನು ಹೊರಗೆ ಕಟ್ಟಿ, ಮೇವು ನೀರು ಮುಚ್ಚಿ, ನೆಲ ಪೂರ್ತಿ ಒಣಗಿದ ಮೇಲೆ ಒಳಗೆ ಬಿಡಿ.

ಮಿಕ್ಕ ಟ್ಯೂಬನ್ನು ಮೇಕೆಗೋ ಕೋಳಿಗೋ ಹಾಕುವ ಯೋಚನೆ ಖಂಡಿತ ಬೇಡ. ಹಾಲು, ಮಾಂಸ, ಮೊಟ್ಟೆ ಕೊಡುವ ಪ್ರಾಣಿಗೆ ಇದು ಸಲ್ಲದು. 2017ರಲ್ಲಿ ಯುರೋಪಿನಲ್ಲಿ ಲಕ್ಷಾಂತರ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ವಾಪಸು ಪಡೆದದ್ದು ಕೋಳಿಮನೆಗಳಲ್ಲಿ ಬಳಸಿದ ಫಿಪ್ರೊನಿಲ್‌ನಿಂದಲೇ. ಮೊಲಕ್ಕಂತೂ ಪ್ರಾಣಾಪಾಯ. ಇತ್ತ ದನದ ಉಣ್ಣಿಗೆಂದು ತಂದ ಅಮಿಟ್ರಾಜ್ ನಾಯಿಯ ಚಿಗಟಕ್ಕೆ ನಾಟುವುದಿಲ್ಲ. ಪರ್ಮೆಥ್ರಿನ್ ಎಂಬ ಕೀಟನಾಶಕ ನಾಯಿಗೆ ಬಳಿದರೆ ನಾಯಿಯನ್ನು ಒರಸಿಕೊಂಡು ಮಲಗುವ ಬೆಕ್ಕು ನಡುಗಿ ಬೀಳಬಹುದು.

ಫಲ ಕಂಡಿದೆಯೇ ಎಂದು ನೋಡಲು ಹೇನಿನ ಬಾಚಣಿಗೆ ಸಾಕು. ಬಾಲದ ಬುಡದಲ್ಲಿ ಬಾಚಿ, ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಮಣ್ಣಾದರೆ ಮಣ್ಣಾಗೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ನಿಮಿಷದಲ್ಲಿ ಕೆಂಗಂದು ಬಣ್ಣ ಬಿಡುತ್ತದೆ, ಅದು ಜೀರ್ಣವಾದ ರಕ್ತ. ಬಾಲದಡಿಯಲ್ಲಿ ಅಕ್ಕಿಕಾಳಿನಂಥ ತುಣುಕು ಕಂಡರೆ ಚಿಗಟ ನುಂಗಿ ಲಾಡಿಹುಳು ಸೇರಿದೆ ಎಂದರ್ಥ. ಅದಕ್ಕೆ ಈ ಹನಿಯಲ್ಲಿ ಮದ್ದಿಲ್ಲ, ಪ್ರಾಜಿಕ್ವಾಂಟೆಲ್ ಬೇರೆಯೇ ಕೊಡಿಸಬೇಕು.