ಕಾರ್ಶ್, ಅವೆಡಾನ್, ಲೀಬೋವಿಟ್ಜ್: ಪೋರ್ಟ್ರೇಟ್ ಕಲಿಯಾಕ ಯಾರ ಹಾದಿ?

ತಮ್ಮಾ, ಬಾಗಲಕೋಟ್ಯಾಗ ಸಣ್ಣ ಸ್ಟುಡಿಯೋ ಇಟ್ಕೊಂಡು ಈ ಮೂರು ಹೆಸರಾಂತ ಫೋಟೋಗ್ರಾಫರ್‌ಗಳೊಳಗ ಯಾರನ್ನ ನೋಡಿ ಪೋರ್ಟ್ರೇಟ್ (ಮಂದಿ ಮಾರಿ ಫೋಟೋ) ತಗಿಯೂದು ಕಲೀಲಿ ಅಂತ ಕೇಳೀದಿ, ಮೊದಲ ರೊಕ್ಕದ ಮಾತು ಆಡೂಣು. ಖರ್ಚಿನಾಗ ಅವೆಡಾನ್ ಹಗುರ. ಸ್ಟಾರ್‌ಗಳನ್ನ ತಗದಂವನ 1979ರಿಂದ 84ರ ತನಕ ಅಮೆರಿಕದ ಪಶ್ಚಿಮದಾಗ ಕೂಲಿ ಮಂದೀನ ಬಯಲಾಗ ನಿಂದ್ರಿಸಿ ತಗದ, ನೆರಳು, ಹಿಂದ ಬಿಳಿ ಪೇಪರ್, ಅಷ್ಟ (ಕ್ಯಾಮೆರಾ ಮಾತ್ರ 8×10 ಇಂಚಿನ ಫಿಲ್ಮ್ ಹಾಕೂ ದೊಡ್ಡದು ಬಿಡು). ನಮ್ಮ ಬಿಸಲಾಗೂ ಗ್ವಾಡಿ ನೆರಳು ಸಿಕ್ಕರ ಸಾಕು. ಆದ್ರ ಸುಕ್ಕು, ಮಚ್ಚಿ ಎಲ್ಲಾ ಎದ್ದು ಕಾಣ್ತಾವ, ಮದಿವಿ ಗಿರಾಕಿ ಒಪ್ಪಾಂಗಿಲ್ಲ.

ಕಾರ್ಶ್‌ದು ಪೂರಾ ಲೈಟಿನ ಕೆಲಸ. ಕೆನಡಾದ ಒಟ್ಟಾವಾದಾಗ 1941ರಾಗ ಆಗಿನ ಬ್ರಿಟನ್ ಪ್ರಧಾನಿ ಚರ್ಚಿಲ್ ಬಾಯಾಗಿನ ಸಿಗಾರ್ ಕಸಗೊಂಡು ಆ ಸಿಟ್ಟಿನ ಮಾರಿ ಹಿಡದ, ಏನ್ ಧೈರ್ಯ ಅಂತೀನಿ! ಕಲಿಯಾಕ ಭಾಳ ಟೈಮ್ ಹಿಡಿತೈತಿ, ಆದ್ರ ಊರ ಹಿರೇರು, ಮಠದ ಸ್ವಾಮಿಗೋಳು, ರಾಜಕಾರಣಿಗಳ ಫೋಟೋಕ್ಕ ಇದ ಒಪ್ಪತೈತಿ, ಗ್ವಾಡಿ ಮ್ಯಾಲೆ ವರ್ಷಾನಗಟ್ಲೆ ನಿಂದ್ರತೈತಿ.

ಲೀಬೋವಿಟ್ಜ್ ಅಂದ್ರ ಐಡಿಯಾ. ಅಮೆರಿಕದ ನಟಿ ಹೂಪಿ ಗೋಲ್ಡ್‌ಬರ್ಗ್‌ನ ಹಾಲಿನ ಟಬ್ಬಿನ್ಯಾಗ ಮಲಗಿಸಿ ತಗದಾಕಿ. ಸೆಟ್ಟು, ಟೀಮು ಬೇಕು, ಪ್ರಿವೆಡ್ಡಿಂಗ್‌ಗೆ ಕೈಬಿಚ್ಚಿ ಕೊಡೂ ಪಾರ್ಟಿ ಸಿಕ್ಕಾಗ ಇದನ್ನ ಹಿಡಿ. ಒಬ್ಬನ ಇದ್ದಿ ಅಂದ್ರ ಸದ್ಯ ಬ್ಯಾಡ.