ಸಾಮಾನು ನಮ್ಮದು, ಭಟ್ಟಿ ಅವರದು: ಚೆಂಬೂರಿನಲ್ಲಿ ದೀಪಾವಳಿಯ ನಾನ್‌ಖಟಾಯಿ

ದೀಪಾವಳಿಗೆ ಇನ್ನೂ ಹತ್ತು ದಿನ ಇರುವಾಗಲೇ ಮುಂಬಯಿಯ ಹಳೆಯ ಬೇಕರಿಗಳ ಹಿಂಬಾಗಿಲಲ್ಲಿ ಸ್ಟೀಲ್ ಡಬ್ಬಿಗಳು ಸಾಲುಗಟ್ಟುತ್ತವೆ. ಒಂದರಲ್ಲಿ ಮೈದಾ, ಇನ್ನೊಂದರಲ್ಲಿ ಸಕ್ಕರೆ ಪುಡಿ, ಮತ್ತೊಂದರಲ್ಲಿ ತುಪ್ಪ, ಕಾಗದದ ಪೊಟ್ಟಣದಲ್ಲಿ ಏಲಕ್ಕಿ ಮತ್ತು ಜಾಯಿಕಾಯಿ. ಸಾಮಾನು ನಮ್ಮದು, ನಾದುವ ಕೈಯೂ ಭಟ್ಟಿಯೂ ಅವರದು; ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟು ಸಂಜೆಗೆ ನಾನ್‌ಖಟಾಯಿ ಎಂಬ ತುಪ್ಪದ ಬಿಸ್ಕತ್ತು ತುಂಬಿದ ಡಬ್ಬಿಯನ್ನು ಮನೆಗೆ ತರುವುದು ಇಲ್ಲಿಯ ವಾಡಿಕೆ. ಧಾರವಾಡದಿಂದ ಮದುವೆಯಾಗಿ ಚೆಂಬೂರಿಗೆ ಬಂದ ನನಗೆ ಇದನ್ನು ಕಲಿಸಿದವರು ಅತ್ತೆಯವರು. ಹತ್ತೊಂಬತ್ತು ವರ್ಷಗಳಿಂದ ಒಂದೇ ಬೇಕರಿಗೆ ಹೋಗುತ್ತಿದ್ದೇನೆ. ಈ ವರ್ಷ ಅಲ್ಲಿ ಕಟ್ಟಿಗೆಯ ಭಟ್ಟಿ ಹೋಗಿ ಗ್ಯಾಸ್ ಓವನ್ ಬಂದಿದೆ. ಆ ರುಚಿ ಇನ್ನು ಮುಗಿಯಿತು ಎಂಬ ತೀರ್ಪು, ಯಾರೂ ಒಂದು ತುಣುಕು ಬಾಯಿಗೆ ಹಾಕುವ ಮೊದಲೇ, ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹೊರಬಿದ್ದಿತ್ತು. ಮೂರು ಕಿಲೋ ಮಾಡಿಸಿ, ತಿಂದು, ಹಂಚಿದ ಮೇಲೆ ನಾನು ಇದನ್ನು ಬರೆಯುತ್ತಿದ್ದೇನೆ.

ಬದಲಾವಣೆ ಮಾಲೀಕರ ಮರ್ಜಿಯಿಂದ ಆದದ್ದಲ್ಲ. ನಗರದ ವಾಯುಮಾಲಿನ್ಯದ ಬಗ್ಗೆ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ, ಕಟ್ಟಿಗೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಕಟ್ಟಿಗೆ ಎಂದೊಡನೆ ಕಾಡಿನ ಸೌದೆಯನ್ನು ಕಲ್ಪಿಸಿಕೊಳ್ಳಬಾರದು. ಹಳೆಯ ಬಾಗಿಲು, ಮುರಿದ ಮಂಚ, ಪಾಲಿಶ್ ಹಚ್ಚಿದ ಕಪಾಟಿನ ಹಲಗೆ, ಪ್ಲೈವುಡ್ ಚೂರು, ಹೀಗೆ ಅಗ್ಗಕ್ಕೆ ಸಿಗುವ ಭಂಗಾರದ ಸಾಮಾನೇ ಅಲ್ಲಿ ಹೆಚ್ಚು ಉರಿಯುತ್ತಿತ್ತು. (ಇಲ್ಲಿಯ ಭಂಗಾರ ಎಂದರೆ ಗುಜರಿ, ನಮ್ಮ ಬಂಗಾರದ ಆಸೆಯನ್ನು ಬಿಡಬೇಕು.) ಆ ಹೊಗೆಯಿಂದ ನಾನ್‌ಖಟಾಯಿಗೆ ಕಂಪು ಬರುತ್ತಿತ್ತು ಎನ್ನುವವರು ಆ ರಾಶಿಯನ್ನು ಒಮ್ಮೆ ಹತ್ತಿರದಿಂದ ನೋಡಿದ್ದರೆ ಚೆನ್ನಾಗಿತ್ತು.

ವಾಸ್ತವವಾಗಿ ನಾನ್‌ಖಟಾಯಿಗೆ ಉರಿಯ ಸಂಗಡ ದೊಡ್ಡ ನಂಟೇನೂ ಇರಲಿಲ್ಲ. ಇಟ್ಟಿಗೆಯ ಭಟ್ಟಿ ಬೆಳಗಿನ ಜಾವ ಕಾದು ಕೆಂಪಾಗಿರುವಾಗ ಪಾವ್ ಬೇಯುತ್ತಿತ್ತು; ಉರಿ ಆರಿ, ಇಟ್ಟಿಗೆಯಲ್ಲಿ ಉಳಿದ ಕಾವು ನಿಧಾನವಾಗಿ ಇಳಿಯುತ್ತಾ ಬಂದ ಹಾಗೆ ಬಿಸ್ಕತ್ತು, ಖಾರಿ (ಪದರುಪದರಾದ ಗರಿಗರಿ ಬಿಸ್ಕತ್ತು), ಟೋಸ್ಟ್‌ಗಳ ಸರದಿ. ಮನೆಯವರ ಡಬ್ಬಿಗಳನ್ನು ಅವರು ಮಧ್ಯಾಹ್ನವೇ ತೆಗೆದುಕೊಳ್ಳುತ್ತಿದ್ದುದಕ್ಕೆ ಇದೇ ಕಾರಣ. ಈಗ ಓವನ್ನಿನ ಕಾವನ್ನು ಗುಂಡಿ ತಿರುಗಿಸಿ 160–170 ಡಿಗ್ರಿಗೆ ನಿಲ್ಲಿಸಬಹುದಾದ್ದರಿಂದ ಬೆಳಗ್ಗೆ 9ಕ್ಕೇ ಸಾಮಾನು ಒಪ್ಪಿಸಬಹುದು. ನೌಕರಿ ಮಾಡುವ ಹೆಂಗಸರಿಗೆ ಇದು ಸಣ್ಣ ಅನುಕೂಲವಲ್ಲ. ಪಾವ್‌ನ ಮಾತು ಬೇರೆ. ಅದರ ಮೇಲ್ಪದರ ಮೊದಲಿಗಿಂತ ತೆಳುವಾಗಿದೆ, ಮೆತ್ತಗಾಗಿದೆ, ಆ ದೂರು ನನಗೂ ನ್ಯಾಯವೆನಿಸುತ್ತದೆ.

ಹದವೆಲ್ಲ ಇರುವುದು ನಾದುವುದರಲ್ಲಿ. ಅತ್ತೆಯವರ ಅಳತೆ ಒಂದು ಕಿಲೋ ಮೈದಾಕ್ಕೆ ಮುಕ್ಕಾಲು ಕಿಲೋ ತುಪ್ಪ, ಅಷ್ಟೇ ಸಕ್ಕರೆ ಪುಡಿ, ಒಂದು ಮುಷ್ಟಿ ಕಡಲೆಹಿಟ್ಟು, ಒಂದು ಮುಷ್ಟಿ ಸಣ್ಣ ರವೆ. ಅಲ್ಲಿಯ ಕಾರೀಗರರು, ಅರವತ್ತು ದಾಟಿದವರು, ಮೊದಲು ತುಪ್ಪದ ಡಬ್ಬಿಯ ಮುಚ್ಚಳ ತೆಗೆದು ಬೆರಳಿನಿಂದ ಒತ್ತಿ ನೋಡುತ್ತಾರೆ. ತುಪ್ಪ ಹರಳುಗಟ್ಟಿದ್ದರೆ ಮಾತ್ರ ಮುಂದಿನ ಕೆಲಸ. ಮುಂಬಯಿಯ ಅಕ್ಟೋಬರ್ ಬಿಸಿಲಿಗೆ ಅದು ಕರಗಿ ನೀರಾಗಿದ್ದರೆ ಡಬ್ಬಿಯನ್ನು ಐಸ್ ನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು, ನಮ್ಮನ್ನು ಬೆಂಚಿನ ಮೇಲೆ ಕೂರಿಸುತ್ತಾರೆ. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ, ಅಂಥ ಹಿಟ್ಟು ಟ್ರೇಯ ಮೇಲೆ ಹಪ್ಪಳದ ಹಾಗೆ ಹರಡಿಕೊಳ್ಳುತ್ತದೆ. ಅವರು ತುಪ್ಪ ಮತ್ತು ಸಕ್ಕರೆಯನ್ನು ಅಂಗೈಯ ಬುಡದಿಂದ ಕಲ್ಲಿನ ಕಟ್ಟೆಗೆ ಉಜ್ಜುತ್ತಾ ಹೋಗುತ್ತಾರೆ. ಹಳದಿ ಮುದ್ದೆ ಕ್ರಮೇಣ ಬೆಳ್ಳಗಾಗಿ, ಉಬ್ಬಿ, ಕೊನೆಗೆ ಹೊಸ ಬೆಣ್ಣೆಯಂತೆ ಕಾಣುವವರೆಗೆ ಕೈ ನಿಲ್ಲುವುದಿಲ್ಲ. ಹಿಟ್ಟು ಬಿದ್ದ ಮೇಲೆ ಅದೇ ಕೈ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಏಕೆಂದರೆ ಆಮೇಲೆ ಹೆಚ್ಚು ನಾದಿದರೆ ಮೈದಾ ಜಿಗಿಯಾಗಿ ನಾನ್‌ಖಟಾಯಿ ಹಲ್ಲಿಗೆ ಗಟ್ಟಿಯಾಗುತ್ತದೆ.

ಹೋಲಿಸಿ ನೋಡಲೆಂದು ಅದೇ ಸಾಮಾನಿನ ಅರ್ಧ ಕಿಲೋ ಹಿಟ್ಟನ್ನು ಮನೆಯ ಓಟಿಜಿಯಲ್ಲಿಯೂ (ಕರೆಂಟಿನ ಸಣ್ಣ ಓವನ್) ಬೇಯಿಸಿದೆ. ಒಂದು ಸಲಕ್ಕೆ ಹನ್ನೆರಡು ಹಿಡಿಸುತ್ತವೆ. ಎರಡನೆಯ ಸರದಿ ಬರುವಷ್ಟರಲ್ಲಿ ಅಡುಗೆಮನೆಯ ಸೆಕೆಗೆ ಉಳಿದ ಹಿಟ್ಟು ಸಡಿಲಾಗಿ, ನಾಲ್ಕನೆಯದರಲ್ಲಿ ಒಂದಕ್ಕೊಂದು ಅಂಟಿಕೊಂಡವು. ಬೇಕರಿಯಿಂದ ಬಂದವು ಒಂದೇ ಗಾತ್ರ, ನೆತ್ತಿಯಲ್ಲಿ ನಾಲ್ಕೈದು ಆಳವಾದ ಬಿರುಕು, ಅಂಚಿನಲ್ಲಿ ಮಾತ್ರ ತಿಳಿಗಂದು. ಎರಡು ಬೆರಳಲ್ಲಿ ಒತ್ತಿದರೆ ಮುರಿಯುವುದಿಲ್ಲ, ಉದುರುತ್ತದೆ. ನಾಲಿಗೆಯ ಮೇಲೆ ಮೊದಲು ತುಪ್ಪ, ಆಮೇಲೆ ಕಡಲೆಹಿಟ್ಟಿನ ಹುರಿದ ವಾಸನೆ, ಕೊನೆಯಲ್ಲಿ ಜಾಯಿಕಾಯಿ. ಹೋದ ವರ್ಷದ್ದಕ್ಕಿಂತ ಕಡಿಮೆಯೆಂದು ಹೇಳಲು ನನಗೆ ಕಾರಣ ಸಿಗಲಿಲ್ಲ. ಊರಿನ ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತು ತಿಂದು ಬೆಳೆದವರಿಗೆ ಇದು ತುಸು ಮರಳುಮರಳಾಗಿ ಕಾಣಬಹುದು, ಆದರೆ ಇದರ ಜಾತಿಯೇ ಹಾಗೆ. ಕಳೆದುಹೋದದ್ದು ಒಂದೇ: ಹಳೆಯ ಭಟ್ಟಿಯ ಒಳಮೂಲೆಯ ಟ್ರೇಯಲ್ಲಿ ಹತ್ತಿಪ್ಪತ್ತು ನಾನ್‌ಖಟಾಯಿಗಳು ಯಾವಾಗಲೂ ಕಂದಾಗಿ, ಕೆನೆ ಸೀದಂಥ ಕಹಿಸಿಹಿಯಾಗಿ ಬರುತ್ತಿದ್ದವು, ಮನೆಯಲ್ಲಿ ಅವುಗಳಿಗೇ ಜಗಳ. ಈ ಸಲ ಎಲ್ಲವೂ ಒಂದೇ ಬಣ್ಣ, ಹಾಗಾಗಿ ಜಗಳವೂ ಇಲ್ಲ.

ಇನ್ನು ದೂರು. ಮೊದಲ ದಿನ ನನಗೆ ಕೊಟ್ಟದ್ದು ನಮ್ಮ ಡಬ್ಬಿಯೇ ಅಲ್ಲ. ಟ್ರೇಗೆ ಅಂಟಿಸುವ ಚೀಟಿಯಲ್ಲಿ ಅಡ್ಡಹೆಸರನ್ನು ಮಾತ್ರ ಮರಾಠಿಯಲ್ಲಿ ಬರೆಯುತ್ತಾರೆ. ನಮ್ಮದೋ ಗಡಿಯ ಆಚೆಗೂ ಈಚೆಗೂ ಸಲ್ಲುವ ಅಡ್ಡಹೆಸರು, ಅದೇ ದಿನ ಅದೇ ಹೆಸರಿನ ಇನ್ನೊಂದು ಮನೆಯವರು ಬಂದಿದ್ದರು. ನೋಡಲು ಎರಡೂ ಒಂದೇ. ತಿಂದಾಗ ಅಂಗುಳಕ್ಕೆ ಮೇಣ ಸವರಿದಂತಾಯಿತು, ಬಿಸಿ ಚಹಾ ಕುಡಿದ ಮೇಲೆಯೇ ಅದು ಬಿಟ್ಟದ್ದು. ತುಪ್ಪ ಬಾಯಿಯ ಬಿಸಿಗೇ ಕರಗುತ್ತದೆ, ವನಸ್ಪತಿ (ಡಾಲ್ಡಾ) ಪೂರ್ತಿ ಕರಗುವುದಿಲ್ಲ. ಎರಡನ್ನೂ ಗುರುತಿಸಲು ಇಷ್ಟು ಸಾಕು. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಫ್ಯಾಟ್ ಶೇಕಡಾ 2ನ್ನು ಮೀರಬಾರದೆಂಬ ನಿಯಮ ಬಂದಿರುವುದರಿಂದ ವನಸ್ಪತಿಯೆಂದರೆ ಮೊದಲಿನಷ್ಟು ಹೆದರಬೇಕಾಗಿಲ್ಲ, ಆದರೂ ಊರಿನಿಂದ ತರಿಸಿ ಕಾಯಿಸಿದ ಎಮ್ಮೆ ತುಪ್ಪ ಬೇರೆಯವರ ಮನೆ ಸೇರಿದಾಗ ಸಮಾಧಾನ ಸುಲಭವಲ್ಲ. ಗಲ್ಲೆಯ ಮೇಲಿದ್ದ ಹುಡುಗ ತಪ್ಪು ಒಪ್ಪದೆ ಅರ್ಧ ಗಂಟೆ ವಾದಿಸಿದ. ಒಳಗಿನಿಂದ ಕಾರೀಗರರು ಬಂದು, ಒಂದನ್ನು ಮುರಿದು ಮೂಸಿ, "ತಾಯಿ, ಇದು ನಿಮ್ಮದಲ್ಲ" ಎಂದ ಮೇಲೆ ಮಾತು ಮುಗಿಯಿತು. ಆ ಮನೆಯವರು ಅಷ್ಟರಲ್ಲಿ ಅರ್ಧ ಡಬ್ಬಿ ಹಂಚಿಯಾಗಿತ್ತು; ಬೇಕರಿಯವರು ಒಂದು ಕಿಲೋಗೆ ತಮ್ಮ ಸಾಮಾನು ಹಾಕಿ ಮಾಡಿಕೊಟ್ಟರು. ಚೀಟಿಯ ಬದಲು ನಂಬರ್ ಬಿಲ್ಲೆ ಇಟ್ಟರೆ ಮುಗಿಯುವ ತೊಂದರೆ ಇದು, ನಾನು ಹೇಳುತ್ತಾ ಬಂದು ಐದು ವರ್ಷವಾಯಿತು.

ಕೂಲಿ ಕಿಲೋ ಹಿಟ್ಟಿಗೆ 100 ರೂಪಾಯಿ, ಹೋದ ವರ್ಷಕ್ಕಿಂತ 20 ಹೆಚ್ಚು. ಗ್ಯಾಸಿನ ಖರ್ಚೆಂದು ಅವರು ಹೇಳುತ್ತಾರೆ. ಧನತ್ರಯೋದಶಿಯ ಹಿಂದಿನ ಎರಡು ದಿನ ಹೋಗುವುದು ವ್ಯರ್ಥ, ಅಷ್ಟು ನೂಕುನುಗ್ಗಲು. ಬಿಸಿಯಾಗಿ ಸಿಕ್ಕರೆ ಅಲ್ಲಿಯೇ ಡಬ್ಬಿಗೆ ತುಂಬಿಸಿಕೊಳ್ಳಬಾರದು. ಭಟ್ಟಿಯಿಂದ ತೆಗೆದಾಗ ಅವು ಮೆತ್ತಗಿದ್ದು, ಆರುತ್ತಾ ಗಟ್ಟಿಯಾಗುತ್ತವೆ, ಮುಚ್ಚಿಟ್ಟರೆ ಹಬೆಗೆ ಒದ್ದೆಯಾಗಿ ಹಾಳಾಗುತ್ತವೆ.

ಉಳಿದ ಋತುಗಳಲ್ಲಿಯೂ ಈ ಬೇಕರಿಗೆ ಕೆಲಸವಿದೆ. ಗುಡ್ ಫ್ರೈಡೇಗೆ ಶಿಲುಬೆ ಗೆರೆಯ ಬನ್ನು ಚೆನ್ನಾಗಿರುತ್ತದೆ. ಮಳೆಗಾಲದ ಖಾರಿಯನ್ನು ಬೆಳಗ್ಗೆಯೇ ತಂದು ಬೆಳಗ್ಗೆಯೇ ಮುಗಿಸಬೇಕು, ಮುಂಬಯಿಯ ಗಾಳಿಗೆ ಅದು ಸಂಜೆಯವರೆಗೆ ನಿಲ್ಲುವುದಿಲ್ಲ. ಡಿಸೆಂಬರಿನಲ್ಲಿ ಕ್ರಿಸ್ತರ ಮನೆಗಳಿಂದ ಕೇಕಿನ ಹಿಟ್ಟು ತುಂಬಿದ ಟಿನ್‌ಗಳು ಬರುತ್ತವೆ, ಅವನ್ನೂ ಇದೇ ಓವನ್ನಿನಲ್ಲಿ ಬೇಯಿಸಿಕೊಡುತ್ತಾರೆ. ಪಕ್ಕದ ಮನೆಯ ಆಂಟಿಯವರ ಮಾತು ಕೇಳಿ ನಾನೂ ಈ ಸಲ ಒಣದ್ರಾಕ್ಷಿ ಮತ್ತು ಕಿತ್ತಳೆ ಸಿಪ್ಪೆಯನ್ನು ನೆನೆಹಾಕಿದ್ದೇನೆ. ಟಿನ್ನಿನ ತಳಕ್ಕೆ ನೇಲ್ ಪಾಲಿಶ್‌ನಿಂದ ಹೆಸರು ಬರೆದಾಗಿದೆ, ಕನ್ನಡದಲ್ಲಿ.