ಪುಣೆಯಲ್ಲಿ ಗಿಡ ಕೊಳ್ಳುವವರೇ, ಬೇರಿನ ಸುತ್ತಲಿನ ಕೆಂಪು ಮಣ್ಣನ್ನು ಮೊದಲು ನೋಡಿ

ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನ ಪುಷ್ಪ ಪ್ರದರ್ಶನ ನೋಡಿ ಬಂದವರಿಗೆಲ್ಲ ಗಿಡ ಕೊಳ್ಳುವ ಆಸೆ ಹುಟ್ಟುತ್ತದೆ. ಅಂಥ ಉತ್ಸಾಹದಲ್ಲಿರುವ ಪುಣೆಯ ಕನ್ನಡಿಗರು ನರ್ಸರಿಗೆ ಹೋಗುವ ಮುನ್ನ ದಯವಿಟ್ಟು ಇದನ್ನು ಓದಿ.

ಕೋಥ್ರೂಡ್‌ನ ನಮ್ಮ ಮನೆಯ ಮುಂದೆ ಇಟ್ಟಿಗೆ ಕಟ್ಟಿ ಮಾಡಿದ, ಆರು ಅಡಿ ಉದ್ದ, ಮೂರು ಅಡಿ ಅಗಲದ ಏರುಮಡಿ, ಅಂದರೆ ನೆಲದಿಂದ ಎತ್ತರಿಸಿದ ಪಾತಿ, ಇದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲು. ಸೋಲಾಪುರ ರಸ್ತೆಯ ನರ್ಸರಿಯೊಂದರಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿ, ವರ್ಷವಿಡೀ ಬಾಳುವ ಗಿಡಗಳನ್ನು ಕೇಳಿದೆವು. ಹಸಿರು ನೆರಳುಬಲೆಯ ಕೆಳಗೆ ಸಾಲಾಗಿ ಇಟ್ಟಿದ್ದ ಪ್ಯಾನ್ಸಿ, ಪೆಟೂನಿಯ, ಹೈಡ್ರೇಂಜಿಯ, ಲ್ಯಾವೆಂಡರ್, ಜೊತೆಗೆ ಎರಡು ಕಸಿ ದಾಸವಾಳಗಳನ್ನು ಎತ್ತಿಕೊಟ್ಟು, ‘ಎಲ್ಲವೂ ಬಿಸಿಲಿನವೇ’ ಎಂದರು.

ಬೇಸಿಗೆ ಏರುತ್ತಿದ್ದಂತೆ ಪ್ಯಾನ್ಸಿ ಒಣಗಿತು, ಪೆಟೂನಿಯವೂ ಹಿಂದೆಯೇ ಹೋಯಿತು. ಅವು ನಮ್ಮ ಬಯಲುನಾಡಿನಲ್ಲಿ ಚಳಿಗಾಲದ ಹೂಗಳು. ದೀಪಾವಳಿಯ ಆಸುಪಾಸಿನಲ್ಲಿ ನೆಟ್ಟು ಬೇಸಿಗೆಯವರೆಗೆ ನೋಡಿ ಸಂತೋಷಪಡಬೇಕು. ವರ್ಷವಿಡೀ ಇರುತ್ತವೆಂದು ಮಾರುವುದು ಮೋಸ. ಹೈಡ್ರೇಂಜಿಯಕ್ಕೆ ಅರೆನೆರಳು, ತಂಪು, ಸದಾ ತೇವ ಬೇಕು. ಏಪ್ರಿಲ್‌ನ ಪುಣೆ ಬಿಸಿಲಿಗೆ ಅದರ ಎಲೆಯ ಅಂಚು ಸುಟ್ಟು ಕಂದಾಯಿತು. ಲ್ಯಾವೆಂಡರ್ ಒಣ ಬಿಸಿಲನ್ನು ತಡೆದುಕೊಂಡಿತು, ಆದರೆ ಮಳೆಗಾಲದ ತೇವಕ್ಕೆ ಬುಡದಲ್ಲೇ ಕೊಳೆಯಿತು. ಅದು ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆಯಿರುವ ಮೆಡಿಟರೇನಿಯನ್ ಸೀಮೆಯ ಗಿಡ.

ಹೆಚ್ಚು ನೋವಾದದ್ದು ದಾಸವಾಳದ ವಿಷಯದಲ್ಲಿ. ಅದು ನಿಜಕ್ಕೂ ಬಿಸಿಲಿನ ಗಿಡ, ಆದರೂ ದಿನವೂ ನೀರು ಕುಡಿದು ಬಾಡುತ್ತಲೇ ಹೋಯಿತು. ಕಿತ್ತು ನೋಡಿದರೆ ಬೇರಿನ ಸುತ್ತ ಅಂಟುಮಣ್ಣಿನ ಕೆಂಪು ಉಂಡೆ, ಬೆರಳಿಗೆ ಜಗ್ಗದಷ್ಟು ಗಟ್ಟಿ. ಹೊರಗಿನ ಮಣ್ಣು ಒದ್ದೆ, ಉಂಡೆಯ ಒಳಗು ಒಣ. ಹೊಸ ಬೇರೊಂದೂ ಹೊರಗೆ ಬಂದಿರಲಿಲ್ಲ. ಇದ್ದವು ಒಳಗೇ ಸುತ್ತಿಕೊಂಡಿದ್ದವು. ದೂರ ಸಾಗಿಸುವಾಗ ಬೇರು ಅಲುಗದಿರಲೆಂದು ಕಸಿಗಿಡಗಳಿಗೆ ಹೀಗೆ ಮಣ್ಣು ಮೆತ್ತುತ್ತಾರೆ. ಅದನ್ನು ಗ್ರಾಹಕರಿಗೆ ಹೇಳಬೇಡವೇ? ಸಾಲದ್ದಕ್ಕೆ ಎಲೆಯ ಕಂಕುಳಲ್ಲಿ ಹತ್ತಿಯಂತೆ ಬೆಳ್ಳಗೆ, ರಸ ಹೀರುವ ಕೀಟವಾದ ಹಿಟ್ಟು ತಿಗಣೆ ಕೂತಿತ್ತು; ಅದು ಪಕ್ಕದ ಬದನೆಗೂ ಹಬ್ಬಿತು.

ಕಸಿಗಿಡ ತಂದರೆ ಉಂಡೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಮಣ್ಣು ಮೆತ್ತಗಾದ ಮೇಲೆ ಹೊರಪದರವನ್ನು ಮೆಲ್ಲಗೆ ತೊಳೆದು, ಬೇರಿಗೆ ಪೆಟ್ಟಾಗದಂತೆ ಸಂಜೆ ಹೊತ್ತು ನೆಡಿ, ಕೆಲವು ದಿನ ನೆರಳು ಕೊಡಿ. ಸಾಧ್ಯವಾದರೆ ಜೂನ್‌ನ ಮೊದಲ ಮಳೆಯವರೆಗೆ ಕಾಯಿರಿ. ಎಲೆಯ ಅಡಿಯನ್ನಂತೂ ಅಂಗಡಿಯಲ್ಲೇ ತಿರುಗಿಸಿ ನೋಡಿ.

ನಮ್ಮ ನೆರೆಮನೆಯಲ್ಲಿರುವ ಧಾರವಾಡದ ಅಜ್ಜಿಯ ಮಡಿಗೆ ಬೀಳುವುದೂ ಇದೇ ಬಿಸಿಲು. ಅಲ್ಲಿ ಬೆಂಡೆ, ಚವಳಿ, ಹರಿವೆ, ಅಂಚಿನಲ್ಲಿ ಟೇಬಲ್ ರೋಸ್ ಮತ್ತು ಸದಾಪುಷ್ಪ ನಳನಳಿಸುತ್ತಿವೆ. ಹೆಚ್ಚಿನವು ಬೀಜದಿಂದಲೇ ಎದ್ದವು, ಖರ್ಚೂ ಅತ್ಯಲ್ಪ. ಪುದೀನವನ್ನು ಮಾತ್ರ ಅಜ್ಜಿ ಕುಂಡದಲ್ಲಿ ಇಟ್ಟಿದ್ದಾರೆ. ಮಡಿಗೆ ಬಿಟ್ಟರೆ ನೆಲದಡಿಯ ಕಾಂಡಗಳಿಂದ ಹಬ್ಬಿ ಉಳಿದವಕ್ಕೆ ಜಾಗ ಬಿಡುವುದಿಲ್ಲ.

ನರ್ಸರಿಗೆ ಮರಳಿ ಹೋಗಿ ಕೇಳಿದಾಗ, ನೀರು ಸಾಲಲಿಲ್ಲ ಎಂದು ನಮ್ಮ ಮೇಲೆಯೇ ಹಾಕಿದರು. ರಸೀದಿಯಲ್ಲಿ ‘ಗಿಡಗಳು’ ಎಂಬ ಒಂದೇ ಪದವಿತ್ತು, ವಾದಿಸಲು ಆಧಾರವೇ ಇರಲಿಲ್ಲ. ನೀವು ಕೊಳ್ಳುವಾಗ ಪ್ರತಿ ಗಿಡದ ಹೆಸರನ್ನೂ, ಅದು ಬಿಸಿಲಿನದೋ ನೆರಳಿನದೋ ಎಂಬುದನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಕಡೆ ಕೊಳ್ಳಬೇಡಿ.